ತೆಂಗಿನಕಾಯಿಗೆ ಗುರಿ

ಚನ್ನರಾಯಪಟ್ಟಣದ ತೋಟಗಳಲ್ಲಿ ಇಳಿಸಿದ ತೆಂಗಿನಕಾಯಿಗೆ ಲೋಕದಲ್ಲಿ ಮೂರು ಗತಿಗಳೆಂದು ಸಾಮಾನ್ಯವಾಗಿ ತಿಳಿದಿರುವರು. ಕೆಲವು ದೇವರ ಸನ್ನಿಧಿಯಲ್ಲಿ ಎರಡು ಹೋಳಾಗುವುವು. ಕೆಲವು ಅಡಿಗೆಮನೆಯ ತುರಿಮಣೆಯನ್ನು ಸೇರುವುವು. ಉಳಿದವು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ, ಕೊಬ್ಬರಿಯಾಗಿ ಮಂಡಿಗೆ ಪ್ರಯಾಣ ಮಾಡುವುವು. ಆದರೆ ಹಾಸನ ಜಿಲ್ಲೆಯ ತೆಂಕಣ ಗಡಿಯನ್ನು ದಾಟಿದೊಡನೆಯೇ ಕಾಯಿಗೆ ನಾಲ್ಕನೆಯ ಗತಿಯೊಂದು ಕಾದಿರುತ್ತದೆ. ಅಲ್ಲಿ ಅದು ದೂರದಲ್ಲಿ ಕದಲದೆ ಕುಳಿತು, ಕೋವಿಯ ಗುಂಡಿಗೆ ಎದೆಯೊಡ್ಡಬೇಕು.

ಆ ಗಡಿ ಬಹಳ ದೂರವೇನೂ ಇಲ್ಲ. ಹಾಸನದಿಂದಾಗಲಿ ಹೊಳೆನರಸೀಪುರದಿಂದಾಗಲಿ ಹೊರಟವರು ಅರಕಲಗೂಡನ್ನು ಹಾದು, ಕೊಣನೂರಿನಲ್ಲಿ ಕಾವೇರಿಯ ದರ್ಶನ ಮಾಡಿ, ಶಿರಂಗಾಲ, ಹೆಬ್ಬಾಲೆಗಳ ಮೇಲೆ ಕುಶಾಲನಗರಕ್ಕೆ ಸಾಗಿದರೆ ಕೊಡಗಿನಲ್ಲಿರುವರು. ನದಿ ಅದೇ, ಗದ್ದೆಯೂ ಅದೇ. ಆದರೆ ಕೋವಿಯ ವಿಷಯದಲ್ಲಿ ಮಾತ್ರ ಇದು ಬೇರೆ ನಾಡು. ಹಾಸನದ ಗೃಹಸ್ಥನೊಬ್ಬನು ಕೋವಿಯನ್ನು ಕಾಣುವುದು ಬಹುಮಟ್ಟಿಗೆ ಬ್ಯಾಂಕಿನ ಬಾಗಿಲಲ್ಲಿ, ಕಾವಲುಗಾರನ ಹೆಗಲ ಮೇಲೆ. ಕೊಡಗಿನ ಮನೆಯ ಮಗುವಾದರೋ ಅದನ್ನು ಹೂವಿನ ಅಲಂಕಾರದೊಡನೆ, ದೇವರ ದೀಪದ ಬೆಳಕಿನಲ್ಲಿ ಮೊದಲು ಕಾಣುವುದು.

ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು ಕೊಡಗಿನಲ್ಲಿ ನಡೆಯುವ ಕೈಲ್ ಪೊಳ್ದ್ ಎಂಬ ಹಬ್ಬಕ್ಕೆ ಕನ್ನಡದಲ್ಲಿ ಕೈಲ್ ಮುಹೂರ್ತವೆಂದು ಹೆಸರು. ಗದ್ದೆಯ ನಾಟಿ ಮುಗಿದು, ಮಳೆಯ ಆರ್ಭಟ ತುಸು ತಗ್ಗುವ ಕಾಲ ಅದು. ಮನೆಯ ಕೋವಿ, ಕತ್ತಿಗಳನ್ನು ಶುಚಿಗೊಳಿಸಿ, ದೇವರ ಕೋಣೆಯಲ್ಲಿಟ್ಟು ಪೂಜೆ ಸಲ್ಲಿಸುವರು. ಕೋವಿಯ ಬಾಯಿಗೆ ಕೆಂಪು ಹಳದಿ ದಳಗಳ ತೋಕ್ ಪೂವನ್ನು ಸಿಕ್ಕಿಸುವರು. ಕೊಡವ ಭಾಷೆಯಲ್ಲಿ ತೋಕ್ ಎಂದರೆ ಕೋವಿಯೇ. ಕಡಂಬಿಟ್ಟಿನ ಊಟವಾದ ಮೇಲೆ ಊರ ಬಯಲಿನಲ್ಲಿ ಜನ ನೆರೆಯುವರು. ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದು ಈ ಹಬ್ಬದ ಹಳೆಯ ವಿನೋದ.

ಕೋವಿಗೂ ಆ ನಾಡಿನ ಜೀವನಕ್ಕೂ ಇರುವ ನಂಟು ಹಬ್ಬಕ್ಕೇ ಮುಗಿಯುವುದಿಲ್ಲ. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಮನೆಯಲ್ಲಿ ಸಾವು ಸಂಭವಿಸಿದಾಗ ಎರಡು ಗುಂಡು ಹಾರಿಸಿ ನೆರೆಹೊರೆಗೆ ತಿಳಿಸುವ ರೂಢಿ ಅಲ್ಲಿಯದು. ಒಂದೊಂದು ಮನೆಯೂ ಒಂದೊಂದು ಗುಡ್ಡದ ಮೇಲಿದ್ದ ಕಾಲದಲ್ಲಿ ತಂತಿಯೂ ಟೆಲಿಫೋನೂ ಮಾಡಬೇಕಾದ ಕೆಲಸವನ್ನು ಕೋವಿಯೇ ಮಾಡಿತು. ಹುತ್ತರಿಯಲ್ಲಿ ಹೊಸ ಕದಿರು ಕೊಯ್ಯುವ ಗಳಿಗೆಯಲ್ಲಿಯೂ ಗುಂಡಿನ ಸದ್ದು ಕೇಳಲೇಬೇಕು.

ಇತ್ತೀಚಿನ ವರ್ಷಗಳಲ್ಲಿ ಈ ವಿನೋದವು ಕ್ರಮಬದ್ಧ ಸ್ಪರ್ಧೆಯ ರೂಪ ತಾಳಿದೆ. ಊರಿನ ಯುವಕ ಸಂಘಗಳೂ ಕೊಡವ ಸಮಾಜಗಳೂ ಇವನ್ನು ಏರ್ಪಡಿಸುತ್ತವೆ. ಪಾಯಿಂಟ್ 22 ರೈಫಲಿಗೆ ಒಂದು ವಿಭಾಗ, 12 ಬೋರ್ ಕೋವಿಗೆ ಇನ್ನೊಂದು, ಏರ್‌ಗನ್ನಿಗೆ ಮತ್ತೊಂದು. ಏರ್‌ಗನ್ನಿನವರಿಗೆ ಕಾಯಿಯ ಬದಲು ಕೋಳಿಮೊಟ್ಟೆಯನ್ನು ಗುರಿಯಾಗಿಡುವುದೂ ಉಂಟು. ಹೆಂಗಸರು ತಮ್ಮ ಸರದಿಗೆ ಬಂದು, ಗಂಡಸರ ಮೀಸೆ ತುಸು ಬಾಗುವಂತೆ ಕಾಯಿ ಒಡೆದು ಹೋಗುವುದು ಈಗ ಸುದ್ದಿಯೂ ಅಲ್ಲ. ಹೊರಗಿನವರಿಗೂ ಅವಕಾಶ ಕೊಡುವ ಸ್ಪರ್ಧೆಗಳಿವೆ.

ಕಾಯಿ ಒಡೆಯುವುದು ಅಷ್ಟೇನು ಕಷ್ಟವೆಂದು ನೋಡುವವರಿಗೆ ತೋರೀತು. ಲೆಕ್ಕ ಬೇರೆಯೇ ಹೇಳುತ್ತದೆ. ರೈಫಲಿನ ತುದಿಯಲ್ಲಿ ಗುರಿಯ ಮೊನೆ, ಹಿಂಬದಿಯಲ್ಲಿ ಕಣ್ಣಿಗೆ ಹತ್ತಿರವಾದ ಕಂಡಿ. ಇವೆರಡರ ನಡುವಣ ಅಂತರ 60 ಸೆಂಟಿಮೀಟರೆಂದಿಟ್ಟುಕೊಳ್ಳೋಣ. ಮೊನೆಯು ಕಂಡಿಯ ನಡುವಿನಿಂದ ಒಂದೇ ಒಂದು ಮಿಲಿಮೀಟರ್ ಸರಿದರೆ, 50 ಮೀಟರ್ ದೂರದಲ್ಲಿ ಗುಂಡು 8 ಸೆಂಟಿಮೀಟರಿಗಿಂತಲೂ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ಸಿಪ್ಪೆ ಸುಲಿದ ಕಾಯಿಯ ನಡುವಿನಿಂದ ಅಂಚಿಗಿರುವ ದೂರವೋ ಐದಾರು ಸೆಂಟಿಮೀಟರ್. ಎಂದರೆ ಅಕ್ಕಿಯ ಕಾಳಿನಷ್ಟೂ ಇಲ್ಲದ ತಪ್ಪಿಗೆ ಕಾಯಿ ನಗುತ್ತ ಕುಳಿತಿರುವುದು.

ಇನ್ನು ಭೂಮಿಯ ಸೆಳೆತ. ಪಾಯಿಂಟ್ 22ರ ಸಾಧಾರಣ ಗುಂಡು ಎರಡೂವರೆ ಗ್ರಾಂ ತೂಕದ್ದು. ಸೆಕೆಂಡಿಗೆ 330 ಮೀಟರಿನ ಆಸುಪಾಸಿನ ವೇಗದಿಂದ ನಳಿಗೆಯನ್ನು ಬಿಡುತ್ತದೆ. 50 ಮೀಟರನ್ನು ಕ್ರಮಿಸಲು ಅದಕ್ಕೆ ಸೆಕೆಂಡಿನ ಆರನೆಯ ಒಂದು ಪಾಲು ಸಾಕು. ಅಷ್ಟರಲ್ಲಿಯೇ ಅದು ನಳಿಗೆಯ ನೇರದಿಂದ ಹನ್ನೆರಡು ಹದಿಮೂರು ಸೆಂಟಿಮೀಟರ್ ಕೆಳಕ್ಕೆ ಇಳಿದಿರುತ್ತದೆ. ನಳಿಗೆಯನ್ನು ಕಾಯಿಯ ನಡುವಿಗೇ ನೇರವಾಗಿಟ್ಟರೆ ಗುಂಡು ಕಾಯಿಯ ಕೆಳಗೆ ಹಾದುಹೋಗುವುದು. ಅದಕ್ಕಾಗಿಯೇ ಗುರಿಕಂಡಿಯನ್ನು ಆಯಾ ದೂರಕ್ಕೆ ತಕ್ಕಂತೆ ಮೊದಲೇ ಹೊಂದಿಸಿಕೊಳ್ಳುವುದು. ಇಷ್ಟೆಲ್ಲ ಸರಿಯಿದ್ದು, ಟ್ರಿಗರನ್ನು ಒತ್ತುವ ಬದಲು ಸೆಳೆದರೆ ಎಲ್ಲವೂ ಮಣ್ಣುಪಾಲು. ಅರ್ಧ ಉಸಿರನ್ನು ಬಿಟ್ಟು, ಉಳಿದರ್ಧವನ್ನು ತಡೆದು, ಬೆರಳಿಗೇ ತಿಳಿಯದಂತೆ ಒತ್ತಬೇಕೆಂಬುದು ಹಿರಿಯರ ಉಪದೇಶ.

ವಿಶೇಷವೇನೆಂದರೆ, ಒಲಿಂಪಿಕ್ ಕ್ರೀಡೆಯ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಗುರಿಹಲಗೆಯ ಕಪ್ಪು ವೃತ್ತದ ಅಡ್ಡಳತೆ 112.4 ಮಿಲಿಮೀಟರ್, ಹೆಚ್ಚು ಕಡಮೆ ಸುಲಿದ ತೆಂಗಿನಕಾಯಿಯಷ್ಟೇ! ಆದರೆ ಅಲ್ಲಿ ಕಪ್ಪಿಗೆ ತಗಲಿದರೆ ಸಾಲದು. ನಡುವಣ ಹತ್ತರ ವಲಯ ಬರಿಯ 10.4 ಮಿಲಿಮೀಟರಿನದು. ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆಯವರು 2024ರಲ್ಲಿ ಪ್ಯಾರಿಸಿನಲ್ಲಿ ಕಂಚಿನ ಪದಕ ಗಳಿಸಿದ್ದು ಈ ದೂರದ ರೈಫಲ್ ಸ್ಪರ್ಧೆಯಲ್ಲಿಯೇ.

ಆದರೂ ಇಂಥ ಸ್ಪರ್ಧೆಯ ನಿಜವಾದ ಪರೀಕ್ಷೆ ಗುರಿಕಾರನದಲ್ಲ, ಏರ್ಪಡಿಸುವವರದು. ಅವರಿಗೆ ಸಂಬಳವಿಲ್ಲ, ಬಹುಮಾನವಂತೂ ಇಲ್ಲವೇ ಇಲ್ಲ. ಪಾಯಿಂಟ್ 22ರ ಗುಂಡು ನೋಡಲು ಹುರುಳಿಕಾಳಿನಂತಿದ್ದರೂ, ತಡೆಯಿಲ್ಲದೆ ಹೋದರೆ ಒಂದು ಮೈಲಿಯಾಚೆಗೂ ಹೋಗಬಲ್ಲುದು. ಆದುದರಿಂದ ಬಯಲನ್ನು ಹುಡುಕುವವರು ಮೊದಲು ನೋಡುವುದು ಕಾಯಿಯಿಡುವ ಜಾಗವನ್ನಲ್ಲ, ಅದರ ಹಿಂದಣ ಗುಡ್ಡವನ್ನು. ಗುಂಡನ್ನು ನುಂಗುವಷ್ಟು ಮಣ್ಣಿರಬೇಕು. ಬಂಡೆಗಲ್ಲಿರಬಾರದು, ಕಲ್ಲಿಗೆ ಬಡಿದ ಗುಂಡು ಎತ್ತ ಚಿಮ್ಮೀತೆಂದು ಹೇಳಲಾಗದು. ಗುಡ್ಡದ ಮೇಲೆ ಕಾಲುದಾರಿಯಿದ್ದರೆ ಅದರ ಎರಡು ತುದಿಗಳಲ್ಲಿಯೂ ಕೆಂಪು ಬಾವುಟ ಹಿಡಿದ ಆಳನ್ನು ನಿಲ್ಲಿಸಬೇಕು. ಊರೆಲ್ಲ ನಗುತ್ತಿರುವಾಗ, ಒಂದೂ ಗುಂಡನ್ನು ನೋಡಲಾಗದೆ, ದನ ಅಟ್ಟಿಕೊಂಡು ಬರುವ ಮುದುಕನನ್ನು ತಡೆಯುವುದಕ್ಕಾಗಿ ಇಡೀ ದಿನ ನಿಲ್ಲುವ ಆ ಹುಡುಗನ ಸೇವೆಗೆ ಬೆಲೆ ಕಟ್ಟುವುದು ಹೇಗೆ?

ಹಗ್ಗದ ಒಳಗೆ ಒಬ್ಬನದೇ ಆಜ್ಞೆ. ಆತ ಹೇಳುವವರೆಗೆ ಕೋವಿಗೆ ತೋಟಾ ತುಂಬುವಂತಿಲ್ಲ; ನಿಲ್ಲಿಸೆಂದರೆ ಊರ ಪಟೇಲನ ಮೊಮ್ಮಗನಾದರೂ ನಿಲ್ಲಿಸಬೇಕು. ಕೋವಿಯ ಬಾಯಿ ಯಾವಾಗಲೂ ಗುರಿಯ ಕಡೆಗೇ. ಗುರಿ ಹಿಡಿಯುವವರೆಗೆ ಬೆರಳು ಟ್ರಿಗರಿನ ಹೊರಗೆ. ಒಡೆದ ಕಾಯಿಯನ್ನು ತೆಗೆದು ಹೊಸತನ್ನಿಡಲು ಹುಡುಗನು ಹೊರಡುವ ಮೊದಲು ಪ್ರತಿಯೊಂದು ಕೋವಿಯೂ ಬರಿದಾಗಿ, ತೆರೆದು, ನೆಲದ ಮೇಲಿರಬೇಕು. ಆ ಹೊತ್ತಿನಲ್ಲಿ ಅದನ್ನು ಮುಟ್ಟುವಂತೆಯೂ ಇಲ್ಲ.

ಎಲ್ಲಕ್ಕಿಂತಲೂ ಕಠಿನವಾದ ಗಳಿಗೆ ತೋಟಾ ಹಾರದೆ ಉಳಿದಾಗ ಬರುವುದು. ಟ್ರಿಗರ್ ಒತ್ತಿದನು, ಸದ್ದಿಲ್ಲ. ಹೊಸಬನ ಸಹಜ ಪ್ರವೃತ್ತಿ ಏನು? ಕೋವಿಯನ್ನು ಓರೆ ಮಾಡಿ, ಹಿಂದಿದ್ದವರ ಕಡೆಗೆ ತಿರುಗಿ, “ಏನಾಯಿತಣ್ಣ?” ಎಂದು ಕೇಳುವುದು. ಒಳಗಿನ ಮದ್ದು ತಡವಾಗಿ ಹೊತ್ತಿಕೊಂಡರೆ ಆ ಒಂದು ಪ್ರಶ್ನೆಗೆ ಒಂದು ಮನೆಯ ದೀಪವೇ ಆರಿಹೋದೀತು. ಆದುದರಿಂದಲೇ ಪಕ್ಕದಲ್ಲಿ ನಿಂತ ಹಿರಿಯನು ಮಾತಿಗಿಂತ ಮೊದಲು ಕೈಯಿಂದ ನಳಿಗೆಯನ್ನು ಗುಡ್ಡದ ಕಡೆಗೇ ಒತ್ತಿ ಹಿಡಿದು, ಅರ್ಧ ನಿಮಿಷ ಎಣಿಸುವನು. ನೋಡುವ ಜನಕ್ಕೆ ಬೇಸರ; ಮೂವತ್ತು ಸೆಕೆಂಡು ಏನೂ ನಡೆಯುವುದಿಲ್ಲ. ಏನೂ ನಡೆಯದಂತೆ ನೋಡಿಕೊಳ್ಳುವುದೇ ಆತನ ಉದ್ಯೋಗವೆಂಬುದು ಎಷ್ಟು ಜನರಿಗೆ ಹೊಳೆದೀತು?

ಸ್ವಯಂಸೇವಕರೇ ಗುರಿಸ್ಪರ್ಧೆಯನ್ನು ನಡೆಸುವ ಪದ್ಧತಿ ಹೊರದೇಶಗಳಲ್ಲಿಯೂ ಹಳೆಯದು. ಇಂಗ್ಲೆಂಡಿನ ಸ್ವಯಂಸೇವಕ ಪಡೆಗಳಿಗೆ ಗುರಿ ಕಲಿಸಲೆಂದು ಹುಟ್ಟಿದ ರೈಫಲ್ ಸಂಘದ ಮೊದಲ ಕೂಟವು 1860ರ ಜುಲೈ 2ರಂದು ವಿಂಬಲ್ಡನ್ನಿನಲ್ಲಿ ಆರಂಭವಾದಾಗ, ಮೊದಲ ಗುಂಡನ್ನು ಹಾರಿಸಿದವಳು ವಿಕ್ಟೋರಿಯಾ ರಾಣಿ. ರೈಫಲನ್ನು ಕಬ್ಬಿಣದ ಆಸರೆಗೆ ಬಿಗಿದು, 400 ಗಜ ದೂರಕ್ಕೆ ಗುರಿಯಿಟ್ಟು, ಟ್ರಿಗರಿಗೆ ರೇಷ್ಮೆಯ ದಾರ ಕಟ್ಟಿದ್ದರು; ರಾಣಿ ದಾರವನ್ನೆಳೆದಳು, ಗುಂಡು ನಡುವಿಗೆ ಬಹು ಸಮೀಪದಲ್ಲಿ ತಗಲಿತು. ಸ್ವಿಟ್ಸರ್ಲೆಂಡಿನಲ್ಲಿ ಇಂದಿಗೂ ವರ್ಷಕ್ಕೊಮ್ಮೆ ಹಳ್ಳಿ ಹಳ್ಳಿಯ ಸಂಘಗಳು ನಡೆಸುವ ಬಯಲುಗುರಿಯ ಹಬ್ಬದಲ್ಲಿ ಲಕ್ಷಕ್ಕೂ ಮಿಕ್ಕಿದ ಜನ 300 ಮೀಟರ್ ದೂರಕ್ಕೆ ತಲಾ 18 ಗುಂಡುಗಳನ್ನು ಹಾರಿಸುವುದುಂಟು. ಅವರದು ಸೇಬಿನ ಕಥೆಯ ದೇಶ, ಕೊಡಗಿನದು ತೆಂಗಿನಕಾಯಿ. ನಮ್ಮ ದೇಶದ ರಾಷ್ಟ್ರೀಯ ರೈಫಲ್ ಸಂಘವು 1951ರಲ್ಲಿ ಸ್ಥಾಪಿತವಾಯಿತು. ಅದಕ್ಕೆ ಕಾರಣರಾದವರು ಲೋಕಸಭೆಯ ಮೊದಲ ಸಭಾಧ್ಯಕ್ಷ ಜಿ. ವಿ. ಮಾವಳಂಕರರು.

ಕೊಡಗಿನ ಬಯಲಿನಲ್ಲಿ ಕಾಯಿಗಿಂತ ದೊಡ್ಡದೊಂದು ಪಣವಿದೆ. 1861ರಲ್ಲಿ ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ನನು ಕೊಡವರನ್ನು ನಿಶ್ಶಸ್ತ್ರೀಕರಣದ ಕಾನೂನಿನಿಂದ ಹೊರಗಿಟ್ಟನು. ಸ್ವಾತಂತ್ರ್ಯಾನಂತರ 1959ರ ಶಸ್ತ್ರಾಸ್ತ್ರ ಕಾಯಿದೆ ಬಂದಾಗಲೂ ಕೊಡವರಿಗೂ, ಜಾತಿ ಯಾವುದೇ ಆಗಿರಲಿ ಜಮ್ಮಾ ಭೂಮಿಯನ್ನು ಹೊಂದಿದವರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ 1963ರ ಪ್ರಕಟಣೆಯಿಂದ ದೊರೆಯಿತು. ಒಂದು ಜನಕ್ಕೆ ಕೊಟ್ಟ ಈ ಹಕ್ಕು ಸಮಾನತೆಯ ತತ್ತ್ವಕ್ಕೆ ವಿರುದ್ಧವಲ್ಲವೇ ಎಂಬ ಪ್ರಶ್ನೆ ಹೈಕೋರ್ಟಿನ ಮುಂದೆ ಬಂದಿತು. ಕೇಂದ್ರ ಸರ್ಕಾರವು 2019ರಲ್ಲಿ ವಿನಾಯಿತಿಯನ್ನು ಹತ್ತು ವರ್ಷಗಳ ಅವಧಿಗೆ, 2029ರವರೆಗೆ, ಮುಂದುವರಿಸಿತು. 2021ರ ಸೆಪ್ಟೆಂಬರಿನಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು.

ಅವಧಿಯೆಂಬುದೊಂದಿದ್ದ ಮೇಲೆ ಅದು ಮುಗಿಯುವ ದಿನವೂ ಇದ್ದೇ ಇದೆ. ಪ್ರಶ್ನೆ ಕೇಳುವವರ ವಾದವನ್ನು ಸುಲಭವಾಗಿ ತಳ್ಳಿಹಾಕುವಂತೆಯೂ ಇಲ್ಲ. ಅರಕಲಗೂಡಿನ ರೈತನಿಗೆ ಲೈಸೆನ್ಸು ಬೇಕು, ಗಡಿಯಾಚೆಯ ರೈತನಿಗೆ ಬೇಡ. ಇದರ ನ್ಯಾಯವೇನೆಂದು ಯಾರಾದರೂ ಕೇಳಬಹುದು. ಅದಕ್ಕೆ ಕೊಡಗಿನವರು ಕೊಡಬಹುದಾದ ಉತ್ತರ ಇತಿಹಾಸದಲ್ಲಿ ಅರ್ಧವಿದ್ದರೆ, ಉಳಿದರ್ಧ ನಡತೆಯಲ್ಲಿದೆ. ಒಂದು ಸ್ಪರ್ಧೆಯಲ್ಲಿ ಒಂದು ಗುಂಡು ಗುಡ್ಡವನ್ನು ತಪ್ಪಿದರೆ ನಷ್ಟವಾಗುವುದು ಆ ಸಂಘದ ಹೆಸರು ಮಾತ್ರವಲ್ಲ. ಅದನ್ನರಿತೇ ಹಗ್ಗದ ಬಳಿಯ ಹಿರಿಯರು ಅಷ್ಟು ನಿಷ್ಠುರರಾಗಿರುವುದು.

ಸಂಘಟನೆಯ ಅಭ್ಯಾಸ ಆ ನಾಡಿಗೆ ಹೊಸದೇನಲ್ಲ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ 60 ಕುಟುಂಬಗಳನ್ನು ಸೇರಿಸಿ ಆರಂಭಿಸಿದ ಹಾಕಿ ಉತ್ಸವವನ್ನು ಪ್ರತಿ ಸಲವೂ ಒಂದೊಂದು ಕುಟುಂಬ ವಹಿಸಿಕೊಂಡು ನಡೆಸುವುದು. 2024ರಲ್ಲಿ ನಾಪೋಕ್ಲಿನಲ್ಲಿ ಆಡಿದ ತಂಡಗಳು 360. ಅಜ್ಜನು ಲೆಕ್ಕದ ಮೇಜಿನಲ್ಲಿ, ಸೊಸೆ ಆಟದ ಮೈದಾನದಲ್ಲಿ, ಅತ್ತೆ ಅಡಿಗೆಯ ಉಸ್ತುವಾರಿಯಲ್ಲಿ. ಹೀಗೆ ಮನೆಗೆ ಮನೆಯೇ ದುಡಿಯುವುದನ್ನು ಕಲಿತ ಜನಕ್ಕೆ ಗುರಿಸ್ಪರ್ಧೆಯ ಹೊರೆ ಹಗುರವೆನಿಸಿದ್ದರೆ ಆಶ್ಚರ್ಯವಿಲ್ಲ. ಹೊಳೆನರಸೀಪುರದಲ್ಲಿಯೋ ಹಾಸನದಲ್ಲಿಯೋ ಕೋವಿಯ ಹಬ್ಬ ನಡೆಯಬೇಕಾಗಿಲ್ಲ. ಆದರೆ ಬಾವುಟ ಹಿಡಿದು ನಿಲ್ಲುವ ಹುಡುಗನೂ, ಮೂವತ್ತು ಎಣಿಸುವ ಹಿರಿಯನೂ ರಥೋತ್ಸವಕ್ಕೂ ಶಾಲೆಯ ಆಟೋಟಕ್ಕೂ ಬೇಕಾದವರೇ.

ಸಂಜೆಯ ಹೊತ್ತಿಗೆ ಗೆದ್ದವರು ಬಹುಮಾನದೊಡನೆ ಚಿತ್ರ ತೆಗೆಸಿಕೊಳ್ಳುತ್ತಿರುವಾಗ, ಹಗ್ಗದೊಳಗೆ ಇನ್ನೂ ಇಬ್ಬರು ಬಾಗಿ ಹುಲ್ಲಿನಲ್ಲಿ ಏನನ್ನೋ ಹುಡುಕುತ್ತಿರುತ್ತಾರೆ. ಬೆಳಗ್ಗೆ ಕೊಟ್ಟ ತೋಟಾಗಳ ಲೆಕ್ಕ ಒಂದು ಕೈಯಲ್ಲಿ. ಹಾರಿದ ತೋಟಾಗಳ ಹಿತ್ತಾಳೆಯ ಚಿಪ್ಪುಗಳು ಇನ್ನೊಂದು ಕೈಯಲ್ಲಿ. ಒಂದು ಕಡಮೆ. ಊಟಕ್ಕೆ ಕರೆ ಬಂದರೂ ಅವರು ಏಳುವುದಿಲ್ಲ. ಕೊನೆಗೆ ಚಾಪೆಯ ಮಡಿಕೆಯೊಳಗಿಂದ ಅದೂ ಹೊರಬೀಳುತ್ತದೆ. ಲೆಕ್ಕ ಸರಿಹೋಯಿತೆಂದು ಒಬ್ಬನು ಕೂಗಿ ಹೇಳಿದ ಮೇಲೆಯೇ ಇನ್ನೊಬ್ಬನು ಹಗ್ಗವನ್ನು ಬಿಚ್ಚುವನು.