ಬುಟ್ಟಿಯ ಅಳತೆ, ತೋಟದ ದಾರಿ

ಸೋಂದಾ ಸೀಮೆಯಲ್ಲಿ ಅಡಿಕೆಯ ಕೊಯ್ಲು ಬಂದಿತೆಂದರೆ ಮನೆಮಂದಿಗೆ ರಾತ್ರಿಯೂ ಹಗಲೇ. ಕೊನೆಗೌಡನು ಇಳಿಸಿದ ಕೊನೆಗಳು ಅಂಗಳಕ್ಕೆ ಬಂದು ಬೀಳುತ್ತವೆ. ಸುಲಿಯುವ ಯಂತ್ರ ಇನ್ನೂ ಬಾರದ ಮನೆಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತವರು ಮಾತನಾಡುತ್ತಲೇ ಸುಲಿಯುತ್ತಾರೆ. ಕೈ ಎಷ್ಟೇ ಚುರುಕಾಗಿರಲಿ, ಪಕ್ಕದ ಬುಟ್ಟಿಯಲ್ಲಿ ಅಡಿಕೆಯಿರುವವರೆಗೆ ಮಾತ್ರ ಆ ಚುರುಕಿಗೆ ಬೆಲೆ. ಬುಟ್ಟಿ ಬರಿದಾಯಿತೋ, ಎದ್ದು ಹೋಗಿ ತರಬೇಕು.

ಗಣಕಯಂತ್ರದೊಳಗಿನ ಸಂಸಾರವೂ ಇಂತಹುದೇ. ಲೆಕ್ಕ ಮಾಡುವ ಪ್ರೊಸೆಸರ್ ಸುಲಿಯುವ ಕೈ. ರ್‍ಯಾಮ್ ಎಂಬ ಸ್ಮೃತಿ ಪಕ್ಕದ ಬುಟ್ಟಿ. ಪತ್ರ, ಚಿತ್ರಗಳೆಲ್ಲ ಉಳಿದಿರುವ ಸಂಗ್ರಹವು ತೋಟ. ವಿದ್ಯುತ್ತು ಹೋದರೆ ಬುಟ್ಟಿ ಬರಿದಾಗುತ್ತದೆ, ತೋಟ ಹಾಗೆಯೇ ಇರುತ್ತದೆ. ಈ ಸಂಗ್ರಹವು ಹಿಂದೆ ತಿರುಗುವ ತಟ್ಟೆಯ ಮೇಲಿತ್ತು. ಚಲಿಸುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಈಗ ಆ ಸ್ಥಾನಕ್ಕೆ ಬಂದಿದೆ. ಸಂಗ್ರಹವೇ ಇಷ್ಟು ವೇಗವಾದ ಮೇಲೆ ಸ್ಮೃತಿಗೆ ಹಣ ಸುರಿಯುವುದೇಕೆ ಎಂಬ ಪ್ರಶ್ನೆ, ಮಗಳ ಕಾಲೇಜಿಗೆಂದು ಗಣಕಯಂತ್ರ ಕೊಳ್ಳಹೊರಟ ಗೃಹಸ್ಥನಿಗೆ ಹುಟ್ಟುವುದು ಸಹಜ. 2025ರ ಕೊನೆಯಲ್ಲಿ ಸ್ಮೃತಿಯ ಬೆಲೆ ತೀವ್ರವಾಗಿ ಏರಿದ ಮೇಲಂತೂ ಅದು ಇನ್ನಷ್ಟು ಹರಿತವಾಯಿತು.

ಅಳೆದು ನೋಡುವುದು ಲೇಸು. ಸ್ಮೃತಿಯಿಂದ ಒಂದು ಅಂಶವನ್ನು ತರಲು ಸುಮಾರು 100 ನ್ಯಾನೋಸೆಕೆಂಡು ಹಿಡಿಯುತ್ತದೆ. ನ್ಯಾನೋಸೆಕೆಂಡೆಂದರೆ ಸೆಕೆಂಡಿನ ನೂರು ಕೋಟಿ ಪಾಲಿನಲ್ಲಿ ಒಂದು. ಎಸ್‌ಎಸ್‌ಡಿಗೆ ಇದರ ಸುಮಾರು ಸಾವಿರ ಪಟ್ಟು, ತಿರುಗುವ ತಟ್ಟೆಗೆ ಲಕ್ಷ ಪಟ್ಟು ಹೊತ್ತು ಬೇಕು. ಬುಟ್ಟಿಗೆ ಕೈಹಾಕಲು ಒಂದು ಸೆಕೆಂಡು ಎಂದಿಟ್ಟುಕೊಂಡರೆ, ಎಸ್‌ಎಸ್‌ಡಿಯಿಂದ ತರುವುದು ಮನೆಯ ಕೆಳಗಿನ ತೋಟಕ್ಕೆ ಹೋಗಿಬಂದಂತೆ, ಸುಮಾರು 17 ನಿಮಿಷ. ತಟ್ಟೆಯಿಂದ ತರುವುದಾದರೋ ಸೋಂದಾದಿಂದ ಶಿರಸಿ ಪೇಟೆಗೆ ನಡೆದುಹೋಗಿ, ರಾತ್ರಿ ಅಲ್ಲಿಯೇ ತಂಗಿ, ಮರುದಿನ ಮರಳಿದಂತೆ, ಸುಮಾರು 28 ಗಂಟೆ.

ಪೇಟೆಯ ಪ್ರಯಾಣವು ತೋಟದ ನಡಿಗೆಗೆ ಇಳಿದದ್ದು ಸಾಮಾನ್ಯ ಲಾಭವಲ್ಲ. ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿಸಿದವರು ಹೊಸ ಜೀವ ಬಂದಿತೆನ್ನುವುದು ಇದರಿಂದಲೇ. ಆದರೆ ಒಂದೊಂದು ಅಡಿಕೆಗೂ 17 ನಿಮಿಷ ನಡೆಯುವವನು ರಾತ್ರಿಗೆ ಎಷ್ಟು ಸುಲಿದಾನು? ಸೆಕೆಂಡಿಗೆ 7 ಗಿಗಾಬೈಟ್ ಎಂದು ಜಾಹೀರಾತು ಹೇಳುವುದು ಸುಳ್ಳಲ್ಲ. ಅದು ಒಂದೇ ಸಲಕ್ಕೆ ಲಾರಿಯ ತುಂಬ ತರುವ ವೇಗ. ಬೇಕಾದ ಒಂದೇ ಅಡಿಕೆಗಾಗಿ ಕಾಯುವ ಹೊತ್ತನ್ನು ಲಾರಿಯು ತಗ್ಗಿಸದು.

ತೊಡಕು ಹೊಸತಲ್ಲ. 1962ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಕಾರ್ಯಾರಂಭ ಮಾಡಿದ ಅಟ್ಲಾಸ್ ಯಂತ್ರವು ಚಿಕ್ಕ ಸ್ಮೃತಿಯನ್ನೂ ತಿರುಗುವ ಪೀಪಾಯಿಯ ಮೇಲಿನ ದೊಡ್ಡ ಸಂಗ್ರಹವನ್ನೂ ಒಂದೇ ಎಂಬಂತೆ ಬಳಸಿತು. ಸ್ಮೃತಿ ತುಂಬಿದಾಗ ಸದ್ಯಕ್ಕೆ ಬೇಡದುದನ್ನು ಸಂಗ್ರಹಕ್ಕೆ ಸಾಗಿಸಿ ಬೇಕಾದುದನ್ನು ತರುವ ಆ ಉಪಾಯವನ್ನೇ ಇಂದಿನ ಯಂತ್ರಗಳೂ ಅನುಸರಿಸುತ್ತವೆ. ಅದರ ಮಿತಿಯನ್ನು 1968ರಲ್ಲಿ ಅಮೆರಿಕದ ಪೀಟರ್ ಡೆನ್ನಿಂಗ್ ಸ್ಪಷ್ಟಪಡಿಸಿದರು. ಪ್ರತಿಯೊಂದು ಕೆಲಸಕ್ಕೂ ಆಯಾ ಹೊತ್ತಿನಲ್ಲಿ ಕೈಯಳತೆಯಲ್ಲಿರಲೇಬೇಕಾದ ಒಂದು ಕಂತೆಯುಂಟು. ಅದು ಸ್ಮೃತಿಯಲ್ಲಿ ಹಿಡಿಸದಿದ್ದರೆ ಯಂತ್ರವು ಒಯ್ಯುವುದರಲ್ಲಿ, ತರುವುದರಲ್ಲಿಯೇ ಹೊತ್ತು ಕಳೆಯುತ್ತದೆ. ಕಂತೆಯ ಗಾತ್ರವನ್ನು ನಿರ್ಧರಿಸುವುದು ಕೆಲಸವೇ ಹೊರತು ಸಂಗ್ರಹದ ವೇಗವಲ್ಲ. ಎಸ್‌ಎಸ್‌ಡಿಯು ಕೊರತೆಯ ನೋವನ್ನು ಕಡಿಮೆ ಮಾಡೀತು, ಕೊರತೆಯನ್ನು ನೀಗದು. ಮೇಲಾಗಿ ಅದರ ಕೋಶಗಳು ಮಿತವಾದಷ್ಟು ಸಲ ಮಾತ್ರ ಬರೆಸಿಕೊಳ್ಳಬಲ್ಲವಾದ್ದರಿಂದ, ಎಡೆಬಿಡದ ಸಾಗಾಟವು ಅದರ ಆಯುಷ್ಯಕ್ಕೂ ಹಿತವಲ್ಲ.

ಹಾಗಾದರೆ ಗೃಹಸ್ಥನು ಮಾಡಬೇಕಾದುದೇನು? ಮನೆಯ ಯಂತ್ರದಲ್ಲಿ ಇನ್ನೂ ತಿರುಗುವ ತಟ್ಟೆಯಿದ್ದರೆ ಮೊದಲು ಎಸ್‌ಎಸ್‌ಡಿ ಹಾಕಿಸಬೇಕು. ಅನಂತರ ನಿತ್ಯದ ಕೆಲಸಗಳನ್ನೆಲ್ಲ ಒಟ್ಟಿಗೆ ತೆರೆದು, ಸ್ಮೃತಿ ಎಷ್ಟು ಬಳಕೆಯಾಗಿದೆಯೆಂಬುದನ್ನು ಯಂತ್ರದಲ್ಲಿಯೇ ನೋಡಬಹುದು. ಬಿಡುವು ಉಳಿದಿದ್ದರೆ ಹೆಚ್ಚು ಸ್ಮೃತಿ ಕೊಂಡು ಫಲವಿಲ್ಲ. ತುಂಬಿ ತುಳುಕುತ್ತಿದ್ದರೆ ಎಂತಹ ವೇಗದ ಸಂಗ್ರಹವೂ ಅದನ್ನು ತುಂಬಿಕೊಡಲಾರದು. ಹೊಸ ಲ್ಯಾಪ್‌ಟಾಪ್ ಕೊಳ್ಳುವವರು ಮತ್ತೊಂದು ಮಾತನ್ನು ಅಂಗಡಿಯಲ್ಲಿಯೇ ವಿಚಾರಿಸತಕ್ಕದ್ದು: ಅನೇಕ ಮಾದರಿಗಳಲ್ಲಿ ಸ್ಮೃತಿಯನ್ನು ಫಲಕಕ್ಕೆ ಬೆಸೆದುಬಿಟ್ಟಿರುತ್ತಾರೆ. ಸಂಗ್ರಹ ಸಾಲದಾದರೆ ಹೊರಗಿನಿಂದಲಾದರೂ ಜೋಡಿಸಿಕೊಳ್ಳಬಹುದು. ಬೆಸೆದ ಸ್ಮೃತಿಯನ್ನು ಮುಂದೆ ಹೆಚ್ಚಿಸುವಂತಿಲ್ಲ. ಹಣವು ಎರಡಕ್ಕೂ ಸಾಲದ ಮನೆಯಲ್ಲಿ, ಅಂತಹ ಯಂತ್ರಕ್ಕೆ ಮೊದಲ ದಿನವೇ ತಕ್ಕಷ್ಟು ದೊಡ್ಡ ಬುಟ್ಟಿಯನ್ನು ಆರಿಸುವುದು ಒಳಿತು.