ಬಿಳಿ ಸಮವಸ್ತ್ರ ಬಿಟ್ಟು ಬ್ಯಾಗು ಹಿಡಿದರೆ?

ಹಾಸನ ಜಿಲ್ಲೆಯ ತಂದೆಯೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗಳು ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ ಬೆಂಗಳೂರಿನ ಆಸ್ಪತ್ರೆಯೊಂದರ ಐ.ಸಿ.ಯು.ನಲ್ಲಿ ಮೂರು ವರ್ಷದಿಂದ ಕೆಲಸದಲ್ಲಿದ್ದಾಳೆ. ಈಗ ವೈದ್ಯಕೀಯ ಉಪಕರಣಗಳ ಕಂಪೆನಿಯೊಂದು ಆಕೆಯನ್ನು ಮಾರಾಟ ವಿಭಾಗಕ್ಕೆ ಕರೆದಿದೆ. 'ನಾಲ್ಕು ವರ್ಷ ಓದಿಸಿದ್ದು ಬ್ಯಾಗು ಹೊತ್ತು ಅಲೆಯಲಿಕ್ಕಾ ಮೇಷ್ಟ್ರೇ?' ಎಂಬುದು ಅವರ ಅಳಲು. ನನ್ನ ಹಳೆಯ ವಿದ್ಯಾರ್ಥಿಗಳಲ್ಲೂ ಕೆಲವರು ಇದನ್ನೇ ಕೇಳಿದ್ದುಂಟು. ಆದ್ದರಿಂದ ಉತ್ತರ ಎಲ್ಲರಿಗೂ ಇರಲಿ.

ಮೆಡಿಕಲ್ ಸೇಲ್ಸ್ ಎಂದಾಕ್ಷಣ ನಮ್ಮ ಕಣ್ಣ ಮುಂದೆ ಬರುವುದು ಟೈ ಕಟ್ಟಿಕೊಂಡು ಕ್ಲಿನಿಕ್ಕಿನ ಬಾಗಿಲಲ್ಲಿ ಕಾಯುವ ಮೆಡಿಕಲ್ ರೆಪ್. ಅದು ಔಷಧ ಮಾರಾಟ. ಆ ಕೆಲಸಕ್ಕೆ ಬಿ.ಎಸ್‌ಸಿ., ಬಿ.ಫಾರ್ಮ ಮಾಡಿದವರು ಬೇಕಾದಷ್ಟು ಮಂದಿ ಇದ್ದಾರೆ. ನರ್ಸಿಂಗ್ ಓದಿದವರಿಗೆ ಅಲ್ಲಿ ವಿಶೇಷ ಮಣೆಯೇನೂ ಇಲ್ಲ. ಉಪಕರಣಗಳ ಮಾತು ಬೇರೆ. ವೆಂಟಿಲೇಟರ್, ಸಿರಿಂಜ್ ಪಂಪ್, ಡಯಾಲಿಸಿಸ್ ಯಂತ್ರ ಇವನ್ನು ಕೊಳ್ಳುವ ವ್ಯವಹಾರ ವೈದ್ಯರ ಮತ್ತು ಆಡಳಿತದವರ ನಡುವೆ ಮುಗಿಯಬಹುದು. ಆದರೆ ಹಗಲೂ ರಾತ್ರಿ ಅವುಗಳ ಜೊತೆ ಏಗುವವರು ಸಿಸ್ಟರುಗಳು. ಯಂತ್ರ ಬಂದ ಮೇಲೆ ಮೂರೂ ಪಾಳಿಯವರಿಗೆ ಅದನ್ನು ಕಲಿಸಿಕೊಡಬೇಕು. ಇದಕ್ಕಾಗಿ ಕಂಪೆನಿಗಳು 'ಕ್ಲಿನಿಕಲ್ ಅಪ್ಲಿಕೇಶನ್ ಸ್ಪೆಷಲಿಸ್ಟ್' ಎಂಬ ಹುದ್ದೆ ಇಟ್ಟಿರುತ್ತವೆ. ನರ್ಸುಗಳಿಗೆ ನಿಜವಾಗಿ ತೆರೆದಿರುವ ಬಾಗಿಲು ಇದೇ ಎಂದು ನನ್ನ ಅಭಿಪ್ರಾಯ.

ಒಂದು ಸಣ್ಣ ಉದಾಹರಣೆ ನೋಡಿ. ರಕ್ತನಾಳಕ್ಕೆ ಚುಚ್ಚಿ ಬಿಡುವ ಕ್ಯಾನ್ಯುಲಾಗೆ ಬಣ್ಣದ ಗುರುತು ಇರುತ್ತದೆ. ಹಸಿರು 18 ಗೇಜ್, ಗುಲಾಬಿ 20, ನೀಲಿ 22, ಹಳದಿ 24. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ಕೊಳವೆ ಸಣ್ಣದು. ಕೊಳವೆಯ ತ್ರಿಜ್ಯ ಅರ್ಧಕ್ಕೆ ಇಳಿದರೆ ಹರಿವು ಅರ್ಧವಾಗುವುದಿಲ್ಲ, 16ರಲ್ಲಿ ಒಂದು ಪಾಲಾಗುತ್ತದೆ. ಭೌತಶಾಸ್ತ್ರದಲ್ಲಿ ಇದು ಪ್ವಾಸೈ ನಿಯಮ. ನಾನು ಇದನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಬಲ್ಲೆ, ಅಷ್ಟೆ. ರಕ್ತಸ್ರಾವದ ರೋಗಿ ರಾತ್ರಿ ಎರಡು ಗಂಟೆಗೆ ಬಂದಾಗ ನೀಲಿ ಬೇಡ, ಹಸಿರು ಕೊಡಿ ಎಂದು ಕೈಚಾಚುವವಳು ನರ್ಸು. ಪಂಪು ಬಡಿದುಕೊಂಡರೆ ಸದ್ದು ಆರಿಸುವ ಗುಂಡಿ ಯಾವುದೆಂದು ಮಾರಾಟದ ಹುಡುಗ ಹೇಳಿಯಾನು. ಮೊದಲು ರೋಗಿಯ ಮೊಣಕೈ ಮಡಚಿದೆಯೇ, ಕೊಳವೆಯ ಕ್ಲ್ಯಾಂಪ್ ಮುಚ್ಚಿದೆಯೇ ನೋಡು ಎಂದು ಹೇಳಲು ವಾರ್ಡಿನಲ್ಲಿ ನಿಂತು ಕಾಲು ನೋಯಿಸಿಕೊಂಡಿರಬೇಕು. ಕಂಪೆನಿ ಸಂಬಳ ಕೊಡುವುದು ಈ ಅನುಭವಕ್ಕೆ. ಹಾಗಾಗಿ ಬ್ಯಾಗು ಹಿಡಿದರೆ ಓದು ದಂಡವಾಯಿತು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ನನ್ನ ಚಿಂತೆ ಬೇರೊಂದಿದೆ. ಹಾಸಿಗೆಯ ಪಕ್ಕದಲ್ಲಿ ನರ್ಸು ಮಾತನಾಡುವುದು ರೋಗಿಯ ಪರವಾಗಿ. ಕಂಪೆನಿ ಸೇರಿದ ಮರುದಿನದಿಂದ ಅದೇ ಬಾಯಿ ಸರಕಿನ ಪರವಾಗಿ ಮಾತನಾಡಬೇಕು. ಹಳೆಯ ಸಹೋದ್ಯೋಗಿಗಳು ಅವಳ ಮಾತನ್ನು ನಂಬುತ್ತಾರೆ, ಏಕೆಂದರೆ ಅವಳು ಅವರಲ್ಲಿ ಒಬ್ಬಳಾಗಿದ್ದವಳು. ತಿಂಗಳ ಕೊನೆಯಲ್ಲಿ ಟಾರ್ಗೆಟ್ ಮುಟ್ಟದಿದ್ದಾಗ, ಓಡಿಸಲು ಸಿಬ್ಬಂದಿಯೇ ಇಲ್ಲದ ಚಿಕ್ಕ ಆಸ್ಪತ್ರೆಗೆ ದೊಡ್ಡ ಯಂತ್ರ ತೆಗೆದುಕೊಳ್ಳಿ ಎಂದು ಹೇಳುವ ಪ್ರಲೋಭನೆ ಬರುತ್ತದೆ. ಆಗ ಏನು ಮಾಡುತ್ತೀ ಎಂದು ಹುಡುಗಿ ಈಗಲೇ ತನ್ನನ್ನು ಕೇಳಿಕೊಳ್ಳಬೇಕು.

ನಿಯಮಗಳೂ ಇಲ್ಲದಿಲ್ಲ. ಔಷಧ ಮಾರಾಟ ಪದ್ಧತಿಗಳಿಗೆ ಕೇಂದ್ರ ಸರ್ಕಾರ 2024ರ ಮಾರ್ಚಿನಲ್ಲಿ ಏಕರೂಪ ಸಂಹಿತೆ ಹೊರಡಿಸಿತು. ಅದೇ ವರ್ಷ ಉಪಕರಣಗಳಿಗೂ ಪ್ರತ್ಯೇಕ ಸಂಹಿತೆ ಬಂತು. ಔಷಧದ ಸಂಹಿತೆಯ ಪ್ರಕಾರ ವೈದ್ಯರಿಗೆ ಉಡುಗೊರೆ ಕೊಡುವಂತಿಲ್ಲ, ಭೇಟಿ ಗಿಟ್ಟಿಸಲು ಆಮಿಷ ಒಡ್ಡುವಂತಿಲ್ಲ. ವಿವರಣೆಯಿಲ್ಲದೆ 'ಸುರಕ್ಷಿತ' ಎನ್ನುವಂತಿಲ್ಲ. ದೇಶದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲದಿಂದ ದೊರೆಯುತ್ತಿರುವ ಮದ್ದನ್ನು 'ಹೊಸದು' ಎಂದು ಕರೆಯುವಂತಿಲ್ಲ. ಉಪಕರಣದಿಂದ ರೋಗಿಗೆ ತೊಂದರೆಯಾದರೆ ವರದಿ ಮಾಡುವ ರಾಷ್ಟ್ರೀಯ ವ್ಯವಸ್ಥೆಯೂ 2015ರಿಂದ ಇದೆ. ಅದನ್ನು ನೋಡಿಕೊಳ್ಳುವುದು ಗಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗ. ಸಂದರ್ಶನದಲ್ಲಿ ಹುಡುಗಿಯೇ ಒಂದು ಪ್ರಶ್ನೆ ಕೇಳಲಿ: 'ನಿಮ್ಮ ಯಂತ್ರ ಕೈಕೊಟ್ಟಿತು ಎಂದು ಸಿಸ್ಟರೊಬ್ಬರು ಹೇಳಿದರೆ ನಾನು ಯಾರಿಗೆ ತಿಳಿಸಬೇಕು?' ತಕ್ಷಣ ಉತ್ತರ ಬಂದರೆ ಒಳ್ಳೆಯದು. ನಕ್ಕು ಮಾತು ಬದಲಿಸಿದರೆ ಎದ್ದು ಬರಲಿ.

ಹಣದ ವಿಷಯ. ಹೇಳುವ ಮೊತ್ತದಲ್ಲಿ ಖಾಯಂ ಸಂಬಳ ಎಷ್ಟು, ಟಾರ್ಗೆಟ್ ಮುಟ್ಟಿದರೆ ಮಾತ್ರ ಬರುವುದೆಷ್ಟು ಎಂದು ನೇಮಕ ಪತ್ರದಲ್ಲಿ ಬೇರೆ ಬೇರೆ ಬರೆಸಿಕೊಳ್ಳಿ. ಓಡಾಡುವ ಪ್ರದೇಶ ಯಾವುದು ಎಂದೂ ಕೇಳಿ. ಬೆಂಗಳೂರು ಎಂದು ಸೇರಿಸಿಕೊಂಡು ಕಲಬುರಗಿ, ಬೀದರ್ ತನಕ ಸುತ್ತಿಸಿದರೆ ರಾತ್ರಿ ಪಾಳಿ ತಪ್ಪಿತು ಎಂಬ ಸಂತೋಷ ರಾತ್ರಿ ಬಸ್ಸಿನಲ್ಲಿ ಕರಗುತ್ತದೆ! ಮಾರಾಟ ಪ್ರತಿನಿಧಿಗಳಿಗೆ ನೇಮಕ ಪತ್ರ ಕೊಡಲೇಬೇಕೆಂದು 1976ರಲ್ಲೇ ಕಾಯಿದೆ ಬಂದಿತ್ತು. ಅದನ್ನು 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿಸಲಾಯಿತು. ಬಾಯಿಮಾತಿನ ಭರವಸೆ ಬೇಡ. ಸಾಧ್ಯವಾದರೆ ಕೆಲಸ ಒಪ್ಪುವ ಮೊದಲು, ಈಗಾಗಲೇ ಅಲ್ಲಿರುವವರ ಜೊತೆ ಒಂದು ದಿನ ಸುತ್ತಿ ಬರಲಿ.

ಹಿಂದಿರುಗುವ ದಾರಿಯನ್ನೂ ನೋಡಿಟ್ಟುಕೊಳ್ಳಬೇಕು. ಪಾಲಕರು ಹೆಚ್ಚಾಗಿ ಮರೆಯುವುದು ಇದನ್ನೇ. ಸರ್ಕಾರಿ ಶುಶ್ರೂಷಾಧಿಕಾರಿ ಹುದ್ದೆಗಳಿಗೆ ವಯೋಮಿತಿ ಉಂಟು. ಕೊಲ್ಲಿ ದೇಶಗಳ ಆಸ್ಪತ್ರೆಗಳು ಸಾಮಾನ್ಯವಾಗಿ ಇತ್ತೀಚಿನ ವಾರ್ಡಿನ ಅನುಭವ ಕೇಳುತ್ತವೆ, ಕಂಪೆನಿಯಲ್ಲಿ ಕಳೆದ ವರ್ಷಗಳು ಆ ಲೆಕ್ಕಕ್ಕೆ ಬರುವುದು ಕಷ್ಟ. ವಿದೇಶಕ್ಕೆ ಹೋಗುವ ಆಸೆ ಗಟ್ಟಿಯಾಗಿದ್ದರೆ ಮೊದಲು ಅದನ್ನು ಪ್ರಯತ್ನಿಸಿ, ಸೇಲ್ಸ್ ಆಮೇಲೆ ನೋಡಬಹುದು. ಯಾವ ಕೆಲಸಕ್ಕೆ ಹೋದರೂ ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿಯನ್ನು ನವೀಕರಿಸುತ್ತಿರಬೇಕು.

ಇನ್ನು ಪಿ.ಯು.ಸಿ. ಓದುತ್ತಿರುವವರು. 'ನರ್ಸಿಂಗ್ ಮುಗಿಸಿ ನೇರ ಕಂಪೆನಿ ಸೇರುತ್ತೇನೆ' ಎನ್ನುವವರು ಈಚೆಗೆ ಕಾಣುತ್ತಿದ್ದಾರೆ. ಮಾರಾಟವೇ ಇಷ್ಟವಿದ್ದರೆ ಬಿ.ಫಾರ್ಮ ಅಥವಾ ಬಿ.ಬಿ.ಎ. ಸಾಕು, ಒಂದು ನರ್ಸಿಂಗ್ ಸೀಟು ಬೇರೊಬ್ಬರಿಗೆ ಉಳಿಯುತ್ತದೆ. ನರ್ಸಿಂಗ್ ಸೇರಿದವರು ಐ.ಸಿ.ಯು., ಆಪರೇಷನ್ ಥಿಯೇಟರ್, ಡಯಾಲಿಸಿಸ್ ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ಎರಡು ಮೂರು ವರ್ಷ ಕಳೆಯುವ ತನಕ ಈ ಯೋಚನೆಯನ್ನು ಬದಿಗಿಡಿ. ಹಾಸನದ ಹುಡುಗಿ ಆ ಮೂರು ವರ್ಷ ಕಳೆದಿದ್ದಾಳೆ. ಕಲಿಸುವ ಹುದ್ದೆಯನ್ನೇ ಕೇಳಿ ಪಡೆಯುವುದಾದರೆ ಕಳಿಸಿಕೊಡಿ.