ಸಕ್ಕರೆ ಕಾಯಿಲೆಗೆ ಊರಿನ ರಜೆ ಕಾಯಬೇಡಿ

ಗಂಗಾವತಿ, ಕುಷ್ಟಗಿ ಕಡೆ ವ್ಯಾಪಾರಕ್ಕೆ ಬಂದ ನಮ್ಮವರಲ್ಲಿ ಒಂದು ರೂಢಿ ಇದೆ. ಸಕ್ಕರೆ ಕಾಯಿಲೆ ಇದ್ದರೂ ಡಾಕ್ಟರನ್ನು ನೋಡುವುದು ವರ್ಷಕ್ಕೊಮ್ಮೆ, ಮಂಗಳೂರಿಗೆ ಹೋದಾಗ. ಉಳಿದ ತಿಂಗಳೆಲ್ಲ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಅದೇ ಮಾತ್ರೆ. ನಾನೂ ಹಾಗೇ ಮಾಡಿದವನು. ಕಾಲು ಜೋಮು ಹಿಡಿದ ಮೇಲೆ ಬುದ್ಧಿ ಬಂತು.

ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಹೇಳುವುದು ಹಿಂದಿನ ಸುಮಾರು 3 ತಿಂಗಳ ಸರಾಸರಿ ಮಾತ್ರ. ವರ್ಷಕ್ಕೊಮ್ಮೆ ಮಾಡಿಸಿದರೆ ಉಳಿದ 9 ತಿಂಗಳ ಲೆಕ್ಕ ಯಾರ ಹತ್ತಿರ? ಸರ್ಕಾರಿ ತಾಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ನಲ್ಲಿ 30 ದಾಟಿದವರಿಗೆ ಸಕ್ಕರೆ, ಬಿಪಿ ತಪಾಸಣೆ ಉಚಿತ. ಕೊಪ್ಪಳದಲ್ಲಿ ವೈದ್ಯಕೀಯ ಕಾಲೇಜೇ ಇದೆ. ಸಾಲು ಉದ್ದ, ಅರ್ಧ ದಿನ ಹೋಗುತ್ತದೆ, ನಿಜ. ಮದುವೆಗೆಂದರೆ ಮೂರು ದಿನ ಅಂಗಡಿ ಮುಚ್ಚುತ್ತೇವಲ್ಲ!

ಹೆಂಗಸರದ್ದು ಇನ್ನೂ ಕಷ್ಟ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಯಲ್ಲಿ ನುಂಗಿ, ಅರ್ಧ ಗಂಟೆಯಾದರೂ ಬಿಟ್ಟು ಚಹಾ ಕುಡಿಯಬೇಕು. ನಮ್ಮ ಉಮ್ಮಂದಿರು ಚಹಾದ ಜೊತೆಗೇ ನುಂಗುತ್ತಾರೆ. ಒಪಿಡಿಗೆ ಕರೆದುಕೊಂಡು ಹೋಗಲು ಗಂಡಸರಿಗೆ ಪುರುಸೊತ್ತಿಲ್ಲ.

ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸದ ಬಗ್ಗೆ ರಂಝಾನ್‌ಗೆ ಒಂದೆರಡು ತಿಂಗಳು ಮೊದಲೇ ಡಾಕ್ಟರನ್ನು ಕೇಳಿಕೊಳ್ಳಬೇಕು. ಮೊದಲ ಸಹರಿಯ ಹೊತ್ತಿಗೆ ಫೋನ್ ಮಾಡಿ ಡೋಸ್ ಎಷ್ಟು ಎಂದು ಕೇಳಿದರೆ ಏನು ಹೇಳಲಿ? ನಾನು ಉಸ್ತಾದ್, ಡಾಕ್ಟರಲ್ಲ.